360 ಚದರಡಿಯಲ್ಲಿ ನಾಲ್ಕು ಜನ: ಪುಟ್ಟ ಫ್ಲ್ಯಾಟಿನ ಒಳವಿನ್ಯಾಸ ಬದಲಿಸುವ ಸಮಗ್ರ ಮಾರ್ಗದರ್ಶಿ

ಕಾಗದದಲ್ಲಿ 500 ಚದರಡಿ ಎಂದು ಬರೆದಿರುವ ಬೆಂಗಳೂರಿನ ಫ್ಲ್ಯಾಟಿನೊಳಗೆ ಟೇಪ್ ಹಿಡಿದು ನಿಂತರೆ ಸಿಗುವುದು 360ರ ಆಸುಪಾಸು. ಉಳಿದದ್ದು ಮೆಟ್ಟಿಲು, ಲಿಫ್ಟು, ಕಾರಿಡಾರು, ಹೊರಗೋಡೆಗಳ ಲೆಕ್ಕಕ್ಕೆ ಹೋಗಿರುತ್ತದೆ. ಹೀಗೆ ಒಳಗೆ ಬಳಸಲು ಸಿಗುವ ನೆಲಕ್ಕೆ ಕಾರ್ಪೆಟ್ ಏರಿಯಾ ಎನ್ನುತ್ತಾರೆ. ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆಂದು ಬಂದ 2016ರ ರೇರಾ ಕಾಯ್ದೆಯ ಪ್ರಕಾರ ಅದರಲ್ಲಿ ಒಳಗೋಡೆಗಳು ಸೇರುತ್ತವೆ, ಹೊರಗೋಡೆಯೂ ಬಾಲ್ಕನಿಯೂ ಸೇರುವುದಿಲ್ಲ. ನಾವು ಕೆಲಸ ಮಾಡಬೇಕಾದ್ದು ಈ ಸಂಖ್ಯೆಯ ಮೇಲೆ, ಮಾರಾಟದ ಕರಪತ್ರದ ಸಂಖ್ಯೆಯ ಮೇಲಲ್ಲ.

ಲೆಕ್ಕ ಗಾಳಿಯಲ್ಲಿ ತೇಲಬಾರದೆಂದು ಒಂದು ಮಾದರಿ ಇಟ್ಟುಕೊಳ್ಳೋಣ. ಹಾಲ್ 10×15 ಅಡಿ, ಅಡುಗೆಮನೆ 7×8, ರೂಮು 10×10, ಬಾತ್‌ರೂಮ್ 4×7, ನಡುವೆ 3×4ರ ಪ್ಯಾಸೇಜು. ಒಟ್ಟು 346, ಒಳಗೋಡೆ ಸೇರಿ 360. ಬಾಲ್ಕನಿ ಬೇರೆ, ಮೂರೂವರೆ ಅಡಿ ಅಗಲ, 8 ಅಡಿ ಉದ್ದ. ವಾಸ ಗಂಡ, ಹೆಂಡತಿ, ಶಾಲೆಗೆ ಹೋಗುವ ಒಂದು ಮಗು ಮತ್ತು ಅಜ್ಜಿ. ನಿಮ್ಮ ಮನೆ ಇದಕ್ಕಿಂತ ಅರ್ಧ ಅಡಿ ಆಚೀಚೆ ಇದ್ದರೂ ವಿಧಾನ ಬದಲಾಗುವುದಿಲ್ಲ.

ವಿಧಾನ ಇಷ್ಟೇ: ಮೊದಲು ಓಡಾಟದ ದಾರಿ ಗೊತ್ತು ಮಾಡಿ, ಉಳಿದ ಜಾಗದಲ್ಲಿ ಸಾಮಾನು ಕೂರಿಸಿ. ಹೆಚ್ಚಿನವರು ಮಾಡುವುದು ಇದರ ತಿರುಗುಮುರುಗು. ಸೋಫಾ, ಮಂಚ, ಬೀರು ತಂದಿಟ್ಟು, ನಡುವೆ ಉಳಿದ ಸಂದಿಯಲ್ಲಿ ಪಕ್ಕಕ್ಕೆ ತಿರುಗಿಕೊಂಡು ನಡೆಯುತ್ತಾರೆ. ಆಮೇಲೆ ಮನೆ ಚಿಕ್ಕದು ಎನ್ನುತ್ತಾರೆ.

ಅಳತೆ: ಒಂದು ಇಂಚಿಗೆ ಒಂದು ಮಿಲಿಮೀಟರ್

ಬೇಕಾದ್ದು 5 ಮೀಟರಿನ ಸ್ಟೀಲ್ ಟೇಪು, ಎ3 ಅಳತೆಯ ಗ್ರಾಫ್ ಹಾಳೆ, ಪೆನ್ಸಿಲು. ಗ್ರಾಫ್ ಹಾಳೆಯ ಚಿಕ್ಕ ಚೌಕ 1 ಮಿ.ಮೀ. ಅದನ್ನೇ ಒಂದು ಇಂಚು ಎಂದುಕೊಳ್ಳಿ. 15 ಅಡಿಯ ಹಾಲು 180 ಚೌಕವಾಗುತ್ತದೆ, ಇಡೀ ಮನೆ ಒಂದು ಹಾಳೆಯಲ್ಲಿ ಕೂರುತ್ತದೆ, ಗುಣಾಕಾರದ ಗೊಡವೆಯೇ ಇಲ್ಲ.

ಪ್ರತಿ ಗೋಡೆಯನ್ನೂ ಮೂರು ಕಡೆ ಅಳೆಯಿರಿ: ನೆಲದ ಹತ್ತಿರ, ಸೊಂಟದ ಎತ್ತರದಲ್ಲಿ, ಏಳಡಿಯಲ್ಲಿ. ಪ್ಲಾಸ್ಟರಿಂಗ್ ಎಲ್ಲೂ ಸಮ ಇರುವುದಿಲ್ಲ, ಅರ್ಧದಿಂದ ಒಂದು ಇಂಚಿನ ವ್ಯತ್ಯಾಸ ಸಾಮಾನ್ಯ. ಮೂರರಲ್ಲಿ ಚಿಕ್ಕದನ್ನು ಬರೆದುಕೊಳ್ಳಿ. ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕೂರಬೇಕಾದ ವಾರ್ಡ್‌ರೋಬು ಕೊನೆ ಗಳಿಗೆಯಲ್ಲಿ ಒಳಗೆ ಹೋಗದೆ ನಿಲ್ಲುವುದು ಇಲ್ಲಿಯೇ. ಕೋಣೆಯ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಅವೆರಡು ಸಮ ಇಲ್ಲದಿದ್ದರೆ ಕೋಣೆ ಸೊಟ್ಟ ಇದೆ, ಬಡಗಿಗೆ ಮೊದಲೇ ಹೇಳಬೇಕು.

ನಕ್ಷೆಯಲ್ಲಿ ಬಿಟ್ಟುಹೋಗುವ ಸಂಗತಿಗಳೇ ಆಮೇಲೆ ಕಾಡುವುದು. ಬೀಮು ಎಷ್ಟು ಕೆಳಗೆ ಇಳಿದಿದೆ, ಪಿಲ್ಲರ್ ಎಷ್ಟು ಹೊರಗೆ ಚಾಚಿದೆ, ಕಿಟಕಿಯ ಕೆಳಅಂಚು ನೆಲದಿಂದ ಎಷ್ಟು ಎತ್ತರ, ಸಜ್ಜದ ತಳ ಎಷ್ಟು ಎತ್ತರ, ಸ್ವಿಚ್‌ಬೋರ್ಡು ಮತ್ತು ಪ್ಲಗ್ ಪಾಯಿಂಟುಗಳು ಎಲ್ಲೆಲ್ಲಿ, ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು) ಪೆಟ್ಟಿಗೆ ಎಲ್ಲಿ, ನೀರು ಹೋಗುವ ಜಾಲರಿ ಎಲ್ಲಿ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ. ಇಷ್ಟನ್ನೂ ಗುರುತು ಮಾಡಿ. ಲಿಫ್ಟಿನ ಒಳ ಅಳತೆ, ಬಾಗಿಲಿನ ಅಗಲ, ಮೆಟ್ಟಿಲಿನ ತಿರುವನ್ನೂ ಅಳೆಯಿರಿ. 8×4 ಅಡಿಯ ಪ್ಲೈವುಡ್ ಹಾಳೆ ಸಾಮಾನ್ಯ ಪ್ಯಾಸೆಂಜರ್ ಲಿಫ್ಟಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಆರನೇ ಮಹಡಿಗೆ ಹೊತ್ತು ಸಾಗಿಸುವ ಕೂಲಿ ಬೇರೆ ಬೀಳುತ್ತದೆ, ಇಲ್ಲವೆ ಕೆಳಗೆ ಪಾರ್ಕಿಂಗಿನಲ್ಲೇ ಕತ್ತರಿಸಲು ಅಸೋಸಿಯೇಷನ್ ಒಪ್ಪಬೇಕು.

ಸಾಮಾನಿನ ಲೆಕ್ಕ

ಎಷ್ಟು ಕಪಾಟು ಬೇಕೆಂದು ಅಂದಾಜಿನಲ್ಲಿ ಹೇಳಬೇಡಿ. ನೇತುಹಾಕುವ ಬಟ್ಟೆಗಳನ್ನು ಒಂದೇ ಕೋಲಿಗೆ ಒತ್ತಾಗಿ ನೇತುಹಾಕಿ ಉದ್ದ ಅಳೆಯಿರಿ. ಮಡಚಿದ ಬಟ್ಟೆಯನ್ನು 12 ಇಂಚು ಎತ್ತರದ ಗುಡ್ಡೆಗಳಾಗಿ ಒಟ್ಟಿ ಎಣಿಸಿ. ಸೂಟ್‌ಕೇಸು, ಹೆಚ್ಚುವರಿ ಹಾಸಿಗೆ, ದಸರಾ ಗೊಂಬೆಯ ಡಬ್ಬ, ಹಬ್ಬಕ್ಕೆ ಮಾತ್ರ ಹೊರಬರುವ ದೊಡ್ಡ ಪಾತ್ರೆ, ಇವನ್ನು ಬೇರೆ ಪಟ್ಟಿ ಮಾಡಿ. ದಿನಾ ಬೇಕಾದ್ದು ಮೊಣಕಾಲಿನಿಂದ ಕಣ್ಣಿನ ಮಟ್ಟದವರೆಗೆ, ವಾರಕ್ಕೊಮ್ಮೆ ಬೇಕಾದ್ದು ಅದರ ಮೇಲೆ ಅಥವಾ ಕೆಳಗೆ, ವರ್ಷಕ್ಕೊಮ್ಮೆ ಬೇಕಾದ್ದು ಸಜ್ಜದಲ್ಲಿ ಅಥವಾ ಮಂಚದ ಹೊಟ್ಟೆಯಲ್ಲಿ. ಹಳೆಯ ಸ್ಟೀಲ್ ಬೀರು ಬೇಕೇ ಬೇಕೆಂದು ಹಿರಿಯರು ಹಟ ಹಿಡಿದರೆ ವಾದಿಸಬೇಡಿ, ಅದರ ಅಳತೆಯನ್ನೇ ಹಿಡಿದು ಮರದ ಕಪಾಟನ್ನು ಅಷ್ಟು ಕಡಿಮೆ ಮಾಡಿ.

ದಾರಿ ಮತ್ತು ಬಾಗಿಲು

ಮುಂಬಾಗಿಲಿನಿಂದ ಬಾಲ್ಕನಿವರೆಗೆ, ಹಾಗೂ ಹಾಲಿನಿಂದ ಬಾತ್‌ರೂಮಿನವರೆಗೆ 36 ಇಂಚು ಬಿಡಿ. ತೀರಾ ಇಕ್ಕಟ್ಟಾದಾಗ ಒಂದೆರಡು ಅಡಿ ದೂರ 30ಕ್ಕೆ ಇಳಿಸಬಹುದು. ಮಂಚದ ಪಕ್ಕ ನಡೆಯಲು 24 ಸಾಕು, ಆದರೆ ಬಾಗಿಲು ತೆರೆಯುವ ಕಪಾಟಿನ ಮುಂದೆ 30ಕ್ಕಿಂತ ಕಡಿಮೆ ಆದರೆ ಬಗ್ಗಿ ಕೆಳಗಿನ ಖಾನೆಯಿಂದ ಏನನ್ನೂ ತೆಗೆಯಲಾಗುವುದಿಲ್ಲ. ಅಡುಗೆ ಕಟ್ಟೆಯ ಮುಂದೆ ಒಬ್ಬರಿಗೆ 36, ಇಬ್ಬರು ಒಟ್ಟಿಗೆ ಕೆಲಸ ಮಾಡುವ ಮನೆಯಾದರೆ 42.

ಇನ್ನು ಬಾಗಿಲು. 33 ಇಂಚಿನ ಒಂದು ಬಾಗಿಲು ತೆರೆದು ಮುಚ್ಚಲು ಸುಮಾರು 6 ಚದರಡಿ ನೆಲ ಗುಡಿಸುತ್ತದೆ. ಅಷ್ಟರಲ್ಲಿ ಏನನ್ನೂ ಇಡುವಂತಿಲ್ಲ. ರೂಮು, ಬಾತ್‌ರೂಮ್, ಅಡುಗೆಮನೆ ಮೂರೂ ಸೇರಿದರೆ 16–18 ಚದರಡಿ, ಅಂದರೆ ಮನೆಯ ಇಪ್ಪತ್ತನೇ ಒಂದು ಭಾಗ ಬರೀ ಬಾಗಿಲ ತಿರುಗಾಟಕ್ಕೆ. ಅಡುಗೆಮನೆಗೆ ಬಾಗಿಲಿದ್ದರೆ ತೆಗೆದುಬಿಡಿ, ಚೌಕಟ್ಟು ಮಾತ್ರ ಇರಲಿ. ಬಾತ್‌ರೂಮಿಗೆ ಗೋಡೆಯ ಹೊರಮೈಯಲ್ಲಿ ಮೇಲಿನ ಚಾನೆಲ್‌ಗೆ ನೇತಾಡುವ ಜಾರುಬಾಗಿಲು ಹಾಕಬಹುದು. ಆದರೆ ಬಾಗಿಲಿನಷ್ಟೇ ಅಗಲದ ಖಾಲಿ ಗೋಡೆ ಪಕ್ಕದಲ್ಲಿರಬೇಕು, ಆ ಗೋಡೆಯ ಮೇಲೆ ಸ್ವಿಚ್ ಇರಬಾರದು. ಜಾರುಬಾಗಿಲು ಸದ್ದನ್ನೂ ವಾಸನೆಯನ್ನೂ ಪೂರ್ತಿ ತಡೆಯುವುದಿಲ್ಲ. ಅದಕ್ಕೇ ಮಲಗುವ ಕೋಣೆಗೆ ಹಳೆಯ ಬಾಗಿಲೇ ಇರಲಿ ಎನ್ನುವುದು ನಮ್ಮ ಮತ.

ಹಾಳೆಯಲ್ಲಿ ಎಲ್ಲ ಸರಿ ಕಂಡ ಮೇಲೆ ಪೇಂಟರ್‌ಗಳು ಬಳಸುವ ಪೇಪರ್ ಟೇಪನ್ನು ನಿಜವಾದ ನೆಲಕ್ಕೇ ಅಂಟಿಸಿ ಮಂಚ, ದಿವಾನ್, ಕಪಾಟುಗಳ ಗಡಿ ಎಳೆಯಿರಿ. ಮನೆಮಂದಿಯೆಲ್ಲ ಆ ಗೆರೆ ತುಳಿಯದೆ ಎರಡು ದಿನ ಓಡಾಡಲಿ. ಬಟ್ಟೆಯ ಬುಟ್ಟಿ ಹೊತ್ತು ಬಾಲ್ಕನಿಗೆ ಹೋಗಿ ಬರಲಿ, ತುಂಬಿದ ಕೊಡ ಹಿಡಿದು ತಿರುಗಲಿ. ಎಲ್ಲಿ ಗೆರೆ ಕಿತ್ತುಬಂದಿದೆಯೋ ಅಲ್ಲಿ ನಿಮ್ಮ ನಕ್ಷೆ ತಪ್ಪಿದೆ.

ಗೋಡೆ ಒಡೆಯುವ ಮೊದಲು

ನಕ್ಷೆ ಗೊತ್ತಾದ ಕೂಡಲೇ ಮೇಸ್ತ್ರಿ ಸುತ್ತಿಗೆ ಎತ್ತುತ್ತಾನೆ. ಅವನನ್ನು ತಡೆಯಿರಿ. ಈಚಿನ ಅನೇಕ ಎತ್ತರದ ಅಪಾರ್ಟ್‌ಮೆಂಟುಗಳನ್ನು ಅಲ್ಯೂಮಿನಿಯಂ ಅಚ್ಚಿನಲ್ಲಿ, ಅಂದರೆ ಮೈವಾನ್ ಎಂದು ಕರೆಯುವ ವಿಧಾನದಲ್ಲಿ ಕಟ್ಟುತ್ತಾರೆ. ಅಲ್ಲಿ ಒಳಗೋಡೆಗಳೂ ಕಬ್ಬಿಣ ಹಾಕಿದ ಕಾಂಕ್ರೀಟೇ. ಇಡೀ ಕಟ್ಟಡದ ಭಾರ ಅವುಗಳ ಮೇಲೆಯೇ ನಿಂತಿರುತ್ತದೆ. ಅಂಥ ಗೋಡೆಗೆ ಬಾಗಿಲು ಕೊರೆಯುವ ಮಾತೇ ಇಲ್ಲ, ವೈರಿಂಗ್‌ಗೆ ಕೊರೆಯುವುದಕ್ಕೂ ಕೇಳಿಯೇ ಮುಂದುವರಿಯಬೇಕು. ಪಿಲ್ಲರ್-ಬೀಮು ಇರುವ ಕಟ್ಟಡಗಳಲ್ಲಿ 4 ಇಂಚಿನ ಬ್ಲಾಕ್ ಗೋಡೆಗಳು ಸಾಮಾನ್ಯವಾಗಿ ಬರೀ ಮರೆ. ಹಳೆಯ ಎರಡು ಮೂರು ಅಂತಸ್ತಿನ ಕಟ್ಟಡದಲ್ಲಿ 9 ಇಂಚಿನ ಇಟ್ಟಿಗೆ ಗೋಡೆ ಕಂಡರೆ ಅದು ಭಾರ ಹೊತ್ತಿದೆ ಎಂದೇ ತಿಳಿಯಿರಿ. ಅನುಮಾನವಿದ್ದಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಲಿ, ಬಿಲ್ಡರ್‌ನ ಸ್ಟ್ರಕ್ಚರಲ್ ಡ್ರಾಯಿಂಗ್ ಸಿಕ್ಕರೆ ಇನ್ನೂ ಒಳ್ಳೆಯದು. ಕಟ್ಟಡದ ಭದ್ರತೆಗೆ ಕುಂದು ತರುವ ಕೆಲಸವನ್ನು ಫ್ಲ್ಯಾಟ್ ಮಾಲೀಕರು ಮಾಡಬಾರದೆಂದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೇ ಹೇಳುತ್ತದೆ. ಅಸೋಸಿಯೇಷನ್‌ನ ಲಿಖಿತ ಒಪ್ಪಿಗೆ, ಕೆಲಸದ ಸಮಯ, ಅವಶೇಷ ಸಾಗಿಸುವ ವ್ಯವಸ್ಥೆ ಮೂರನ್ನೂ ಮೊದಲೇ ಮುಗಿಸಿ.

ಹೊಸ ಮರೆ ಕಟ್ಟಬೇಕೆಂದರೆ ಭಾರದ ಲೆಕ್ಕ ನೋಡಿ. 9 ಅಡಿ ಎತ್ತರದ 4 ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಎರಡೂ ಬದಿ ಪ್ಲಾಸ್ಟರ್ ಸೇರಿ ಒಂದಡಿ ಉದ್ದಕ್ಕೆ ಸುಮಾರು 200 ಕೆ.ಜಿ. ತೂಗುತ್ತದೆ. ಜಿಪ್ಸಂ ಬೋರ್ಡಿನ ಮರೆ ಅದರ ಹತ್ತನೇ ಒಂದು ಪಾಲು. ಕೆಳಗೆ ಬೀಮು ಇಲ್ಲದ ಸ್ಲ್ಯಾಬಿನ ಮೇಲೆ ಮೊದಲನೆಯದನ್ನು ಕಟ್ಟಬೇಡಿ.

ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆ ಒಡೆದು ‘ಓಪನ್ ಕಿಚನ್’ ಮಾಡುವ ಆಸೆ ಬಹಳ ಜನಕ್ಕೆ. ಇಷ್ಟು ಚಿಕ್ಕ ಮನೆಯಲ್ಲಿ ಬೇಡ. ಒಡೆದರೆ ಸಿಗುವ ಜಾಗ 4 ಇಂಚು. ಕಳೆದುಕೊಳ್ಳುವುದು ಆ ಗೋಡೆಯ ಎರಡು ಮುಖ: ಈಚೆ ಟಿವಿ, ಆಚೆ ಡಬ್ಬಿಗಳ ಶೆಲ್ಫು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಹಾಲಿನಲ್ಲಿ ಮಲಗಿದ ಅಜ್ಜಿಗೆ ಕೆಮ್ಮು ಬರಿಸುವುದು ಬೇರೆ. ಬಾಲ್ಕನಿಯನ್ನು ಹಾಲಿಗೆ ಸೇರಿಸಿಕೊಳ್ಳುವುದೂ ಬೇಡ. ಮಂಜೂರಾದ ನಕ್ಷೆ ತಪ್ಪುತ್ತದೆ, ಮಳೆನೀರಿಗೆಂದು ಕೊಟ್ಟ ಇಳಿಜಾರು ಹಾಲಿನ ಕಡೆ ಉಲ್ಟಾ ಹೊಡೆಯುತ್ತದೆ, ಬಟ್ಟೆ ಒಣಗಿಸಲು ಜಾಗವೇ ಇಲ್ಲವಾಗುತ್ತದೆ.

ಹಾಲು: ಹಗಲು ಒಂದು, ರಾತ್ರಿ ಇನ್ನೊಂದು

ಮಾದರಿ ಮನೆಯ ಹಾಲಿನಲ್ಲಿ ಒಂದು ಕೊನೆಗೆ ಮುಂಬಾಗಿಲು, ಇನ್ನೊಂದು ಕೊನೆಗೆ ಬಾಲ್ಕನಿ. ಒಂದು ಉದ್ದದ ಬದಿಗೆ ಮುಂಬಾಗಿಲ ಕಡೆಯಿಂದ ಮೊದಲು ಅಡುಗೆಮನೆಯ ಪ್ರವೇಶ, ಆಮೇಲೆ ಅದರ 63 ಇಂಚಿನ ಗೋಡೆ, ಆಮೇಲೆ ಪ್ಯಾಸೇಜು. ಎದುರಿನ 180 ಇಂಚಿನ ಗೋಡೆಗೆ ಬಾಗಿಲೂ ಇಲ್ಲ ಕಿಟಕಿಯೂ ಇಲ್ಲ. ಆ ಗೋಡೆಯೇ ಈ ಮನೆಯ ಆಸ್ತಿ, ಅದನ್ನು ಇಂಚಿಂಚಾಗಿ ಹಂಚಬೇಕು.

ಮುಂಬಾಗಿಲಿಂದ ಮೊದಲ 36 ಇಂಚು: 8 ಇಂಚು ಮಾತ್ರ ಆಳದ, ಮುಂದಕ್ಕೆ ಬಾಗಿ ತೆರೆಯುವ ಚಪ್ಪಲಿ ಕಪಾಟು. ಮುಂದಿನ 75 ಇಂಚು: 36 ಇಂಚು ಅಗಲದ ದಿವಾನ್. ಅದರ ಪಕ್ಕ 48 ಇಂಚು: ಗೋಡೆಗೆ ಮಡಚುವ ಮೇಜು. ಬಾಲ್ಕನಿ ಮೂಲೆಯ ಉಳಿದ 21 ಇಂಚು: 15 ಇಂಚು ಆಳದ, ಮೇಲಿನವರೆಗಿನ ಕಪಾಟು. ಕೂಡಿದರೆ 180 ಸರಿಹೋಗುತ್ತದೆ.

ದಿವಾನಿನ ಕೆಳಗೆ ಸಾಮಾನು ತುಂಬಬೇಡಿ, ಇನ್ನೊಂದು ಹಾಸಿಗೆ ಇಡಿ. 30 ಇಂಚು ಅಗಲ, 72 ಇಂಚು ಉದ್ದದ ತಟ್ಟೆಗೆ ಗಾಲಿ ಹಾಕಿ ರಾತ್ರಿ ಹೊರಗೆ ಎಳೆಯುವಂತೆ ಮಾಡಿಸಿದರೆ ಮಗುವಿಗೆ ಅದೇ ಮಂಚ. ಗಾಲಿ ಮತ್ತು ತಟ್ಟೆ ಸೇರಿ 3–4 ಇಂಚು, ಹಾಸಿಗೆ 5 ಇಂಚು. ದಿವಾನಿನ ಕೆಳಗೆ 11 ಇಂಚು ಖಾಲಿ ಇದ್ದರೆ ಹೊದಿಕೆ ಸಮೇತ ಒಳಗೆ ಹೋಗುತ್ತದೆ. ಮೇಲಿನ ಹಾಸಿಗೆ 6 ಇಂಚಿನದಾದರೆ ಕೂರುವ ಎತ್ತರ 18–19 ಇಂಚು ಬರುತ್ತದೆ, ಮಂಡಿನೋವಿನವರಿಗೆ ಎದ್ದು ಕೂರಲು ಸರಿಯಾದ ಎತ್ತರ. ಹಾಲಿನ ಅಗಲ 120 ಇಂಚು. ಅದರಲ್ಲಿ ದಿವಾನ್ 36, ಎಳೆದ ಹಾಸಿಗೆ 30, ಎದುರಿನ ಟಿವಿ ಕಪಾಟು 12. ಉಳಿಯುವ ದಾರಿ 42 ಇಂಚು, ರಾತ್ರಿಯೂ ಧಾರಾಳ.

ಒಂದು ತೊಡಕಿದೆ. ನಡುರಾತ್ರಿ ಬಾತ್‌ರೂಮಿಗೆ ಏಳುವ ಅಜ್ಜಿ ಮಲಗಿದ ಮೊಮ್ಮಗುವನ್ನು ದಾಟಬೇಕಾಗುತ್ತದೆ. ಅದಕ್ಕೇ ದಿವಾನಿನ ಕಾಲ ಬದಿಗೆ ಅಡ್ಡಹಲಗೆ ಇರಬಾರದು, ಅಲ್ಲಿನ ಮೇಜು ರಾತ್ರಿ ಮಡಚಿ ಗೋಡೆಗೆ ಅಂಟಿರಬೇಕು. ಆಗ ಅವರು ಕಾಲ ಬದಿಯಿಂದ ಇಳಿದರೆ ಎದುರಿಗೇ ಪ್ಯಾಸೇಜು. ಅಲ್ಲೇ ನೆಲದಿಂದ ಒಂದಡಿ ಎತ್ತರದಲ್ಲಿ ಚಿಕ್ಕ ರಾತ್ರಿದೀಪದ ಪಾಯಿಂಟ್ ಕೊಡಿಸಿ.

ಮೇಜು 48×24 ಇಂಚು, ಎತ್ತರ 30. ಹಲಗೆ 18 ಮಿ.ಮೀ. ಪ್ಲೈ, ಕೆಳಗೆ 16 ಇಂಚಿನ ಎರಡು ಮಡಚುವ ಸ್ಟೀಲ್ ಬ್ರ್ಯಾಕೆಟ್. ಗೋಡೆಯ ತೂತಿಗೆ ತುರುಕುವ ಪ್ಲಾಸ್ಟಿಕ್ ಗಟ್ಟ ಮತ್ತು ಸಣ್ಣ ಸ್ಕ್ರೂ ಸಾಲದು. ಮಗು ಮೊಣಕೈ ಊರಿ ಬರೆಯುತ್ತದೆ, ಯಾರೋ ಒಬ್ಬರು ಒರಗಿ ನಿಲ್ಲುತ್ತಾರೆ, ಪ್ಲಾಸ್ಟರ್ ಸಮೇತ ಕಿತ್ತು ಬರುತ್ತದೆ. ಪ್ಲಾಸ್ಟರ್ ದಾಟಿ ಬ್ಲಾಕಿನೊಳಗೆ ಹಿಡಿಯುವ 8 ಮಿ.ಮೀ. ಆಂಕರ್ ಬೋಲ್ಟ್ ಹಾಕಿಸಿ. ಊಟಕ್ಕೆ ದಿವಾನಿನ ತುದಿಯಲ್ಲಿ ಒಬ್ಬರು, ಸ್ಟೂಲುಗಳಲ್ಲಿ ಇಬ್ಬರು ಕೂರಬಹುದು. ನಾಲ್ವರೂ ಒಟ್ಟಿಗೆ ಎಂದರೆ ಚಾಪೆ ಹಾಸುವುದೇ ಸೈ. ನೆಲದಲ್ಲಿ 72 ಇಂಚು ಅಗಲ ಖಾಲಿ ಇದ್ದೇ ಇದೆ.

ಮೂಲೆಯ ಕಪಾಟಿನಲ್ಲಿ ದೇವರಮನೆ ಮಾಡುವುದಾದರೆ ದೀಪದ ಮೇಲೆ ಕನಿಷ್ಠ 18 ಇಂಚು ಖಾಲಿ ಬಿಡಿ, ತಳಕ್ಕೆ ಗ್ರಾನೈಟ್ ತುಂಡು, ಹಿಂಬದಿಗೂ ಪಕ್ಕಗಳಿಗೂ ಟೈಲ್. ನೇರ ಮೇಲೆ ಪ್ಲೈವುಡ್ ಖಾನೆ ಬಂದರೆ ಮೊದಲು ಮಸಿ ಹಿಡಿಯುತ್ತದೆ, ಆಮೇಲೆ ಲ್ಯಾಮಿನೇಟ್ ಗುಳ್ಳೆ ಏಳುತ್ತದೆ, ಒಂದು ದಿನ ಬೆಂಕಿಯೂ ಹತ್ತಬಹುದು. ದೀಪ ಉರಿಯುವಾಗ ಕಪಾಟಿನ ಬಾಗಿಲು ಮುಚ್ಚಬಾರದು.

ರೂಮು: ಉಳಿದ ಜಾಗವನ್ನು ಸಮಪಾಲು ಮಾಡಬೇಡಿ

120×120 ಇಂಚಿನ ಕೋಣೆ. 60×78ರ ಕ್ವೀನ್ ಹಾಸಿಗೆಯ ಮಂಚದ ಹೊರ ಅಳತೆ 63×81. ವಾರ್ಡ್‌ರೋಬು 24 ಇಂಚು ಆಳ. ಮಂಚವನ್ನು ಗೋಡೆಗೂ ವಾರ್ಡ್‌ರೋಬಿಗೂ ನಡುವೆ ಅಂದವಾಗಿ ಮಧ್ಯಕ್ಕೆ ಇಟ್ಟರೆ ಎರಡೂ ಬದಿ ಹದಿನಾರೂವರೆ ಇಂಚು ಉಳಿಯುತ್ತದೆ. ಅದರಲ್ಲಿ ಒಂದು ಬದಿಯೂ ಉಪಯೋಗಕ್ಕೆ ಬಾರದು, ಕಪಾಟಿನ ಬಾಗಿಲೂ ಪೂರ್ತಿ ತೆರೆಯದು. ಮಂಚವನ್ನು ಗೋಡೆಗೆ ಒತ್ತಿದರೆ ಒಂದೇ ಕಡೆ 33 ಇಂಚು ಸಿಗುತ್ತದೆ, ಕಪಾಟು ಸಲೀಸಾಗಿ ತೆರೆಯುತ್ತದೆ. ಗೋಡೆ ಬದಿಯಲ್ಲಿ ಮಲಗುವವರು ಕಾಲ ಕಡೆಯಿಂದ ಹತ್ತಬೇಕು, ಅಷ್ಟು ಹೊಂದಿಕೊಳ್ಳಬೇಕಾಗುತ್ತದೆ. ಅದು ಹೊರಗೋಡೆಯಾಗಿದ್ದರೆ 2 ಇಂಚು ಸಂದಿ ಬಿಡಿ. ಮಳೆಗಾಲದಲ್ಲಿ ಥಂಡಿ ಹಿಡಿದ ಗೋಡೆಗೆ ಹಾಸಿಗೆ ತಾಗಿದರೆ ಬೂಷ್ಟು ಬರುತ್ತದೆ.

ಕಾಲ ಬದಿಗೆ 39 ಇಂಚು ಉಳಿಯುತ್ತದೆ, 33 ಇಂಚಿನ ಬಾಗಿಲು ಅಲ್ಲಿ ತಿರುಗುತ್ತದೆ. ಮಂಚದ ಹೊಟ್ಟೆಗೆ ಡ್ರಾಯರ್ ಬೇಡ, ಹೈಡ್ರಾಲಿಕ್ ಇರಲಿ, ಕಾಲ ಬದಿಯಿಂದ ಎತ್ತುವಂಥದ್ದು. ಹಾಸಿಗೆಯ ತೂಕ ಹೇಳದೆ ಹೈಡ್ರಾಲಿಕ್ ಪಂಪ್ ಕೊಳ್ಳಬೇಡಿ. ಶಕ್ತಿ ಕಡಿಮೆಯಾದರೆ ಎತ್ತಿದ ಹಲಗೆ ಮೇಲೆ ನಿಲ್ಲದೆ ಕೈಮೇಲೆ ಬೀಳುತ್ತದೆ, ಹೆಚ್ಚಾದರೆ ಮುಚ್ಚುವುದಕ್ಕೇ ಆಗುವುದಿಲ್ಲ. ಇಡೀ ಮಂಚ ಬಿಚ್ಚಿ ಜೋಡಿಸುವಂತಿರಲಿ.

ವಾರ್ಡ್‌ರೋಬಿನ ಆಳವನ್ನು 22 ಇಂಚಿಗಿಂತ ಕಡಿಮೆ ಮಾಡಬೇಡಿ. ಅಂಗಿ ಹಾಕಿದ ಹ್ಯಾಂಗರ್‌ಗೇ 18 ಇಂಚು ಬೇಕು, ಕಡಿಮೆಯಾದರೆ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಜಾರುಬಾಗಿಲಿನದಾದರೆ ಹಳಿಗಳಿಗೆ ಇನ್ನೂ ಎರಡು ಮೂರು ಇಂಚು ಹೋಗಿ ಆಳ 26–27 ಆಗುತ್ತದೆ. 33 ಇಂಚು ಜಾಗ ಇರುವ ಇಲ್ಲಿ ಅದರ ಅಗತ್ಯವಿಲ್ಲ. ತಿರುಗುವ ಬಾಗಿಲೇ ಸಾಕು, ಒಂದೊಂದು 18 ಇಂಚಿಗಿಂತ ಅಗಲ ಬೇಡ.

7 ಅಡಿ ಉದ್ದ, 7 ಅಡಿ ಎತ್ತರ, 2 ಅಡಿ ಆಳದ ವಾರ್ಡ್‌ರೋಬು, ಮೇಲೆ ಎರಡೂವರೆ ಅಡಿಯ ಲಾಫ್ಟ್. ಇಷ್ಟಕ್ಕೆ ಬೇಕಾಗುವ ಸಾಮಗ್ರಿ ಹೀಗೆ: ನಿಲುವು ಹಲಗೆ ನಾಲ್ಕು, ಮೇಲು-ತಳ, ಎಂಟು ಖಾನೆ, ಬಾಗಿಲು, ಲಾಫ್ಟ್ ಎಲ್ಲ ಸೇರಿ ಸುಮಾರು 195 ಚದರಡಿ 18 ಮಿ.ಮೀ. ಪ್ಲೈ. ಒಂದು ಹಾಳೆ 32 ಚದರಡಿ, ಕತ್ತರಿಕೆಯ ನಷ್ಟ ಸೇರಿ 7 ಹಾಳೆ. ಹಿಂಬದಿಗೆ 6 ಮಿ.ಮೀ. ಎರಡು ಹಾಳೆ. ಹೊರಮೈಗೆ 1 ಮಿ.ಮೀ. ಲ್ಯಾಮಿನೇಟ್ 3, ಒಳಮೈಗೆ 0.8 ಮಿ.ಮೀ. ಸುಮಾರು 10. ಏಳಡಿ ಬಾಗಿಲಿಗೆ ನಾಲ್ಕು ಹಿಂಜು. ಗುತ್ತಿಗೆದಾರರು 11 ಹಾಳೆ ಬೇಕೆಂದರೆ ಯಾವ ತುಂಡಿಗೆ ಎಷ್ಟು ಎಂದು ಬರೆದು ತೋರಿಸಲು ಕೇಳಿ. ಒಳಮೈಗೆ ಲ್ಯಾಮಿನೇಟ್ ಬಿಟ್ಟು ಬಣ್ಣ ಬಳಿದರೆ ದುಡ್ಡು ಉಳಿಯುತ್ತದೆ ಎಂಬ ಸಲಹೆ ಬರುತ್ತದೆ. ಬಾಗಿಲಿನ ಮಟ್ಟಿಗೆ ಒಪ್ಪಬೇಡಿ: ಒಂದೇ ಬದಿಗೆ ಲ್ಯಾಮಿನೇಟ್ ಅಂಟಿಸಿದ ಹಲಗೆ ಎರಡು ಬದಿಯಿಂದ ಬೇರೆ ಬೇರೆ ಪ್ರಮಾಣದಲ್ಲಿ ತೇವ ಹೀರಿ ಬಿಲ್ಲಿನಂತೆ ಬಾಗುತ್ತದೆ.

ಪ್ಲೈ ದರ್ಜೆ: ರೂಮಿಗೂ ಹಾಲಿಗೂ ಬಿಡಬ್ಲ್ಯುಆರ್ (ಕುದಿನೀರನ್ನು ತಕ್ಕಮಟ್ಟಿಗೆ ತಾಳುವ ದರ್ಜೆ) ಸಾಕು, ಐಎಸ್ 303 ಮುದ್ರೆ ನೋಡಿ. ಸಿಂಕಿನ ಕೆಳಗೆ ಮತ್ತು ಬಾತ್‌ರೂಮಿನ ಗೋಡೆಗೆ ಒರಗುವ ಕಡೆ ನೀರನ್ನು ಇನ್ನೂ ಚೆನ್ನಾಗಿ ತಾಳುವ, ಐಎಸ್ 710ರ ಬಿಡಬ್ಲ್ಯುಪಿ.

ಅಡುಗೆಮನೆ

ಎರಡೂ ಬದಿಗೆ 24 ಇಂಚಿನ ಕಟ್ಟೆ ಹಾಕಿದರೆ 84 ಇಂಚು ಅಗಲದಲ್ಲಿ 36 ಉಳಿಯುತ್ತದೆ. ಕೆಳಗಿನ ಡ್ರಾಯರ್ 20 ಇಂಚು ಹೊರಬಂದರೆ ನಿಲ್ಲಲು 16. ಹಾಗಾಗಿ ಕಿಟಕಿ ಇರುವ ಹೊರಗೋಡೆಗೆ ಮಾತ್ರ 8 ಅಡಿಯ ಕಟ್ಟೆ, ಎದುರಿನ 63 ಇಂಚಿನ ಗೋಡೆಗೆ 24 ಇಂಚು ಫ್ರಿಜ್, ಉಳಿದ 39 ಇಂಚಿಗೆ ನೆಲದಿಂದ ಮೇಲಿನವರೆಗೆ 14 ಇಂಚು ಆಳದ ಶೆಲ್ಫು. ಕಡಿಮೆ ಆಳದ ಶೆಲ್ಫಿನಲ್ಲಿ ಡಬ್ಬಿಗಳು ಒಂದರ ಹಿಂದೆ ಒಂದು ಅಡಗುವುದಿಲ್ಲ, ಬೇಳೆ ಮುಗಿದದ್ದು ಕಣ್ಣಿಗೆ ಕಾಣುತ್ತದೆ. 25 ಕೆ.ಜಿ. ಅಕ್ಕಿಯ ಡಬ್ಬ, ವೆಟ್ ಗ್ರೈಂಡರ್ ಕೆಳಗೆ ಗಾಲಿಯ ಮೇಲೆ ಇರಲಿ. ನಡುವಿನ ದಾರಿ 46 ಇಂಚು, ಫ್ರಿಜ್ ಮುಂದೆ 32.

96 ಇಂಚಿನ ಕಟ್ಟೆಯ ಹಂಚಿಕೆ: ಕಿಟಕಿ ಕೆಳಗೆ ಸಿಂಕಿಗೆ 24, ಹೆಚ್ಚಲು-ರುಬ್ಬಲು 30, ಒಲೆಗೆ 30, ಒಲೆಯಾಚೆ ಇಳಿಸಿದ ಪಾತ್ರೆಗೆ 12. ಈ ಕೊನೆಯ 12 ಇಂಚನ್ನು ಉಳಿಸಲು ಹೋಗಿ ಒಲೆಯನ್ನು ಗೋಡೆಗೆ ಒತ್ತುತ್ತಾರೆ. ಕುಕ್ಕರಿನ ಹಿಡಿ ಗೋಡೆಗೆ ಬಡಿಯುತ್ತದೆ, ಬಾಣಲೆ ಸೊಟ್ಟಗೆ ಕೂರುತ್ತದೆ. ಕಟ್ಟೆಯ ಎತ್ತರಕ್ಕೆ ಹೆಚ್ಚು ಅಡುಗೆ ಮಾಡುವವರ ಮೊಣಕೈ ನೋಡಿ, ಅದಕ್ಕಿಂತ 4 ಇಂಚು ಕೆಳಗೆ. ಸಾಮಾನ್ಯವಾಗಿ 33–34 ಬರುತ್ತದೆ. ವಾಸ್ತು ಪ್ರಕಾರ ಒಲೆ ಆಗ್ನೇಯಕ್ಕೆ ಬರಬೇಕೆಂದರೆ ಕಟ್ಟೆಯ ಮೇಲೆಯೇ ಒಲೆಯನ್ನು ಆಚೀಚೆ ಸರಿಸಿ ಹೊಂದಿಸಿ. ಸಿಂಕನ್ನು ಮಾತ್ರ ಸರಿಸಬೇಡಿ. ಅದರ ಪೈಪು 10 ಅಡಿ ಹೋದರೆ 3 ಇಂಚು ಇಳಿಜಾರು ಬೇಕು, ಇಲ್ಲದಿದ್ದರೆ ಎಣ್ಣೆ ಜಿಡ್ಡು, ಅನ್ನದ ಅಗುಳು ನಿಂತು ಕಟ್ಟಿಕೊಳ್ಳುತ್ತದೆ.

ಸಿಲಿಂಡರ್ ಕಟ್ಟೆಯ ಕೆಳಗಿದ್ದರೆ ಆ ಖಾನೆಗೆ ಗಟ್ಟಿ ಬಾಗಿಲು ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ಶೇಖರವಾಗುತ್ತದೆ. ಬಾಗಿಲಿನ ಕೆಳಭಾಗದಲ್ಲಿ ಜಾಲರಿ ಇರಲೇಬೇಕು, ಆ ಖಾನೆಯಲ್ಲಿ ಸ್ವಿಚ್ಚಾಗಲಿ ಪ್ಲಗ್ಗಾಗಲಿ ಇರಬಾರದು. ಟ್ಯೂಬ್ ಒಂದೂವರೆ ಮೀಟರ್ ಮೀರಬಾರದು. ಪೈಪ್ ಗ್ಯಾಸ್ ಇರುವ ಕಡೆ ಅದನ್ನು ಸರಿಸುವುದು ಗ್ಯಾಸ್ ಕಂಪನಿಯವರ ಕೆಲಸ, ಬಡಗಿಯದಲ್ಲ.

ಬಾತ್‌ರೂಮು, ಬಾಲ್ಕನಿ

ಕಮೋಡ್ ಇದ್ದಲ್ಲೇ ಇರಲಿ. ಅದರ 4 ಇಂಚಿನ ಪೈಪು ಸ್ಲ್ಯಾಬು ದಾಟಿ ಕೆಳಮನೆಯವರ ತಲೆಯ ಮೇಲೆ ಹೋಗುತ್ತದೆ. ಸರಿಸಿದರೆ ಸೋರಿಕೆ ಅವರ ಮನೆಯಲ್ಲಿ, ಜಗಳ ನಿಮ್ಮ ಮನೆಯಲ್ಲಿ. 7 ಅಡಿ ಉದ್ದದಲ್ಲಿ ಸ್ನಾನದ 3 ಅಡಿಯನ್ನು ತೆರೆಯದ ಒಂದು ಗಾಜಿನ ಹಲಗೆಯಿಂದ ಬೇರ್ಪಡಿಸಿದರೆ ಉಳಿದದ್ದು ಒಣಗಿರುತ್ತದೆ. ಟೈಲ್ ಕಿತ್ತರೆ ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿಸಿ, ಜಾಲರಿ ಮುಚ್ಚಿ 2 ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಕೆಳಮನೆಯವರ ಸೀಲಿಂಗ್ ನೋಡಿಬಂದ ಮೇಲಷ್ಟೇ ಹೊಸ ಟೈಲ್.

ಬಾಲ್ಕನಿ 42 ಇಂಚು ಅಗಲ. 24 ಇಂಚು ಆಳದ ವಾಷಿಂಗ್ ಮಷೀನ್ ಇಟ್ಟರೆ 18 ಉಳಿಯುತ್ತದೆ, ದಾಟುವುದು ಕಷ್ಟ. ಮಷೀನನ್ನು ಅಡ್ಡಗೋಡೆಗೆ, ಬಾಲ್ಕನಿಯ ತುದಿಯಲ್ಲಿ ಇಡಿ, ಆಗ ಯಾರೂ ಅದನ್ನು ದಾಟಬೇಕಿಲ್ಲ. ಮೇಲೆ ಹಗ್ಗ ಎಳೆದರೆ ಮೇಲೇರುವ ಬಟ್ಟೆ ಒಣಗಿಸುವ ಸರಳುಗಳು.

ವಿದ್ಯುತ್ತು, ಕೆಲಸದ ಅನುಕ್ರಮ

ಪಾಯಿಂಟ್‌ಗಳನ್ನು ಸಾಮಾನಿನ ನಕ್ಷೆ ಆದ ಮೇಲೆ ಗುರುತಿಸಬೇಕು. ಮಿಕ್ಸಿ, ಗ್ರೈಂಡರ್‌ಗೆ 6 ಆಂಪ್ ಸಾಕು; ಇಂಡಕ್ಷನ್, ಓವನ್, ಗೀಸರ್, ವಾಷಿಂಗ್ ಮಷೀನ್‌ಗೆ 16 ಆಂಪ್. ದೀಪ-ಫ್ಯಾನಿಗೆ 1.5 ಚದರ ಮಿ.ಮೀ. ತಂತಿ, ಪವರ್ ಪ್ಲಗ್‌ಗೆ 2.5, ಗೀಸರ್ ಮತ್ತು ಎ.ಸಿ.ಗೆ 4. ಗೀಸರನ್ನೂ ಇಂಡಕ್ಷನ್ನನ್ನೂ ಒಂದೇ ಎಂಸಿಬಿಗೆ ಹಾಕಿದರೆ ಬೆಳಿಗ್ಗೆ ಏಳರ ಹೊತ್ತಿಗೆ ಟ್ರಿಪ್ ಆಗುತ್ತದೆ. 4 ಇಂಚಿನ ಗೋಡೆಯನ್ನು ಅಡ್ಡಡ್ಡಲಾಗಿ ಉದ್ದಕ್ಕೆ ಕೊರೆಯಲು ಬಿಡಬೇಡಿ, ಮೇಲಿಂದ ನೇರ ಕೆಳಗೆ ಇಳಿಸಲಿ. ಎಂಸಿಬಿ ಪೆಟ್ಟಿಗೆಯ ಮುಂದೆ ಕಪಾಟು ಬರಕೂಡದು.

ಅನುಕ್ರಮ: ಒಡೆಯುವುದು, ನೀರು-ವಿದ್ಯುತ್ ಪೈಪು, ವಾಟರ್‌ಪ್ರೂಫಿಂಗ್, ಪ್ಲಾಸ್ಟರ್, ಟೈಲ್, ಪುಟ್ಟಿ ಮತ್ತು ಬಣ್ಣದ ಮೊದಲ ಕೋಟು, ಮರಗೆಲಸ, ಕೊನೆಯ ಕೋಟು. ಹೊಸ ಪ್ಲಾಸ್ಟರ್ ಮೂರು ವಾರ ಒಣಗದೆ ಅದಕ್ಕೆ ಪ್ಲೈ ಒರಗಿಸಿದರೆ ಹಿಂಬದಿಯಲ್ಲಿ ಬೂಷ್ಟು ಕಟ್ಟಿ ಬಟ್ಟೆಯೆಲ್ಲ ಮುಗ್ಗುಲು ನಾರುತ್ತದೆ. ಅವಸರದಲ್ಲಿ ಎಲ್ಲರೂ ಹಾರಿಸಿಬಿಡುವ ಹಂತ ಇದೇ. ಇಡೀ ಕೆಲಸಕ್ಕೆ ಎರಡು ತಿಂಗಳು ಇಟ್ಟುಕೊಳ್ಳಿ, ಈ ಮೂರು ವಾರ ಅದರೊಳಗೇ ಬರುತ್ತದೆ.

ಬಾಡಿಗೆ ಮನೆಯವರು ಗೋಡೆ, ನೀರು, ವೈರಿಂಗ್ ಬಿಟ್ಟು ಉಳಿದ ಲೆಕ್ಕವನ್ನೆಲ್ಲ ಬಳಸಬಹುದು. ಗೋಡೆ ಮೇಜಿನ ಬದಲು ಮಡಚುವ ಕಾಲಿನ ಮೇಜು, ವಾರ್ಡ್‌ರೋಬಿನ ಬದಲು ಬಿಚ್ಚಿ ಒಯ್ಯುವ ಕಪಾಟು. ದಿವಾನ್ ಹೇಗೂ ನಿಮ್ಮದೇ.

ದರ ಕೇಳುವಾಗ ‘ಚದರಡಿಗೆ ಇಷ್ಟು’ ಎಂದರೆ ಯಾವ ಚದರಡಿ ಎಂದು ಕೇಳಿ. ಹೆಚ್ಚಿನವರು ಕಪಾಟಿನ ಮುಂಭಾಗದ ಉದ್ದ-ಎತ್ತರ ಅಳೆಯುತ್ತಾರೆ, ಕೆಲವರು ಬಳಸಿದ ಹಲಗೆಯನ್ನೇ ಅಳೆಯುತ್ತಾರೆ. ಮೇಲಿನ ವಾರ್ಡ್‌ರೋಬು ಮೊದಲ ಲೆಕ್ಕದಲ್ಲಿ 66.5 ಚದರಡಿ, ಎರಡನೆಯದರಲ್ಲಿ 195. ಪ್ಲೈ ದರ್ಜೆ, ಲ್ಯಾಮಿನೇಟ್ ದಪ್ಪ, ಹಿಂಜು ಮತ್ತು ಚಾನೆಲ್‌ನ ಕಂಪನಿ, ಒಳಮೈ ಲ್ಯಾಮಿನೇಟ್ ಸೇರಿದೆಯೇ, ಹೊರುವ ಕೂಲಿ ಯಾರದು, ಎಲ್ಲ ಬರೆಸಿಕೊಳ್ಳಿ. ಕೊನೆಯ ಹತ್ತನೇ ಒಂದು ಭಾಗದ ಹಣವನ್ನು ಪ್ರತಿ ಬಾಗಿಲು ತೆರೆದು, ಪ್ರತಿ ಡ್ರಾಯರ್ ಎಳೆದು, ಪ್ರತಿ ಪ್ಲಗ್‌ಗೆ ಟೆಸ್ಟರ್ ಇಟ್ಟು ನೋಡಿ, ಒಂದು ತಿಂಗಳು ವಾಸ ಮಾಡಿದ ಮೇಲೆ ಕೊಡುವುದೆಂದು ಮೊದಲ ದಿನವೇ ಒಪ್ಪಿಸಿಕೊಳ್ಳಿ.